ಹಳೇ ಗ್ರೂಪ್, ಟೀಮ್ ಸೈಟ್‌ಗಳನ್ನು ಸ್ಕ್ರಿಪ್ಟ್‌ನಲ್ಲಿ ಒಟ್ಟಿಗೆ ತೆಗೆಯೋದು ಹೇಗೆ?

ಶಿವಮೊಗ್ಗ_ಅಡ್ಮಿನ್:
ಅಡಿಕೆ ವ್ಯವಹಾರದ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಸಾಗರ, ತೀರ್ಥಹಳ್ಳಿ, ಹೊಸನಗರದಲ್ಲೂ ಶಾಖೆಗಳಿವೆ. ಮೈಕ್ರೋಸಾಫ್ಟ್ 365ರಲ್ಲಿ ಯಾರು ಬೇಕಾದರೂ ಟೀಮ್ ಮಾಡಬಹುದು ಅಂತ ಬಿಟ್ಟಿದ್ದಕ್ಕೆ ‘ಕೊಳೆ ಔಷಧಿ’ (ಅಡಿಕೆಯ ಕೊಳೆರೋಗದ್ದು), ‘ಕೊಳೆ ಔಷಧಿ ಹೊಸದು’, ‘ಟೆಸ್ಟ್’ ಅಂತ ರಾಶಿ ಬಿದ್ದಿದೆ. ಒಂದೊಂದೇ ತೆರೆದು ನೋಡುತ್ತಾ ಕೂತರೆ ಮಳೆಗಾಲ ಮುಗಿಯುತ್ತದೆ. ಕಮಾಂಡ್ ಬರೆದು ಕೆಲಸ ಮಾಡಿಸೋ ಪವರ್‌ಶೆಲ್‌ನಲ್ಲಿ ಪಟ್ಟಿ ತೆಗೆದೆ, ಎಕ್ಸೆಲ್‌ನಲ್ಲಿ ಕನ್ನಡ ಹೆಸರೆಲ್ಲ ಬರೀ ಪ್ರಶ್ನೆ ಚಿಹ್ನೆ! ಬಳಕೆಯಲ್ಲಿ ಇಲ್ಲದ್ದನ್ನು ಹುಡುಕಿ ಒಟ್ಟಿಗೆ ಡಿಲೀಟ್ ಮಾಡೋ ಸ್ಕ್ರಿಪ್ಟ್ ಇದ್ದರೆ ಕೊಡಿ.

ತುಂಗಾತೀರ:
ನೀವು ಪವರ್‌ಶೆಲ್ 5.1ರಲ್ಲಿ ಇದ್ದೀರಿ ಅಲ್ವಾ? ಅದರಲ್ಲಿ ಪಟ್ಟಿಯನ್ನು ಫೈಲಿಗೆ ಹಾಕೋ ಎಕ್ಸ್‌ಪೋರ್ಟ್-ಸಿಎಸ್‌ವಿ ಕಮಾಂಡ್ ಸುಮ್ನೆ ಕೊಟ್ಟರೆ ಆಸ್ಕಿಯಲ್ಲಿ, ಅಂದರೆ ಬರೀ ಇಂಗ್ಲಿಷ್ ಅಕ್ಷರದ ಹಳೇ ಸಂಕೇತದಲ್ಲಿ ಬರೆಯುತ್ತದೆ, ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಎನ್‌ಕೋಡಿಂಗ್ ಯುಟಿಎಫ್8 ಅಂತ ಸೇರಿಸಿ, ಅದರಲ್ಲಿ ಕನ್ನಡವೂ ಬರುತ್ತದೆ. ಪವರ್‌ಶೆಲ್ 7ಕ್ಕೆ ಹೋದರೆ ಯುಟಿಎಫ್8ಬಿಒಎಂ (ಫೈಲಿನ ಶುರುವಿಗೆ ಯುಟಿಎಫ್8 ಅನ್ನೋ ಗುರುತು ಹಾಕೋದು) ಅಂತಲೇ ಕೊಡಿ, ಇಲ್ಲದಿದ್ದರೆ ಎಕ್ಸೆಲ್ ಮತ್ತೆ ಕಲಸಿಹಾಕುತ್ತದೆ.

ಹೊಳೆಬಾಗಿಲು:
ಒಟ್ಟಿಗೆ ಡಿಲೀಟ್ ಬೇಡ ಮಾರಾಯ್ರೆ. ಪ್ರತಿ ಟೀಮ್ ಹಿಂದೆ ಒಂದು ಗ್ರೂಪ್ ಇರುತ್ತದೆ, ಆ ಗ್ರೂಪ್ ಅಳಿಸಿದರೆ ಅದರ ಮೇಲ್‌ಬಾಕ್ಸ್, ಕೆಲಸದ ಪಟ್ಟಿ ಇಡೋ ಪ್ಲಾನರ್, ಫೈಲು ಇಡೋ ಶೇರ್‌ಪಾಯಿಂಟ್ ಸೈಟು, ಅದರೊಳಗಿನ ಫೈಲು ಎಲ್ಲವೂ ಜೊತೆಗೇ ಹೋಗುತ್ತದೆ. ಗ್ರೂಪ್ ವಾಪಸ್ ತರೋಕೆ 30 ದಿನ ಟೈಮ್, ಅಷ್ಟೇ. ನಿಮ್ಮ ‘ಕೊಳೆ ಔಷಧಿ’ಯನ್ನು ಜನವರಿಯಲ್ಲಿ ನೋಡಿದರೆ ಯಾರೂ ಮುಟ್ಟದ ಹಾಗೆ ಕಾಣುತ್ತದೆ, ಜೂನ್‌ನಲ್ಲಿ ಕೊಳೆಗೆ ಬೋರ್ಡೋ ದ್ರಾವಣ ಹೊಡೆಯೋ ಹೊತ್ತಿಗೆ ಕಳೆದ ಸಲದ ಸುಣ್ಣ, ಮೈಲುತುತ್ತದ ಲೆಕ್ಕ ಎಲ್ಲಿ ಅಂತ ಎಲ್ಲರೂ ಹುಡುಕುತ್ತಾರೆ, ಆಗ 30 ದಿನ ಯಾವತ್ತೋ ಕಳೆದಿರುತ್ತದೆ. ಸೈಟುಗಳ ಪಟ್ಟಿ ಕೊಡೋ ಗೆಟ್-ಎಸ್‌ಪಿಒಸೈಟ್ ಕಮಾಂಡ್‌ಗೆ ಟೆಂಪ್ಲೇಟ್ ಗ್ರೂಪ್#0 (ಗ್ರೂಪಿನ ಸೈಟು ಮಾತ್ರ ಅಂತ) ಕೊಟ್ಟು ಲಾಸ್ಟ್‌ಕಂಟೆಂಟ್‌ಮಾಡಿಫೈಡ್‌ಡೇಟ್, ಅಂದರೆ ಒಳಗಿನದ್ದು ಕೊನೆಗೆ ಬದಲಾದ ದಿನ ತೆಗೆಯಿರಿ. ಮೂರು ತಿಂಗಳು ಮುಟ್ಟದಿದ್ದರೆ ಹಳೇದು ಅನ್ನೋ ಗಡಿ ನಮ್ಮ ಕಡೆಗೆ ಆಗೋದಿಲ್ಲ, ಪೂರ್ತಿ ಒಂದು ವರ್ಷ ನೋಡಿ. ಟೀಮ್ ಒಳಗೆ ಕೆಲವರಿಗೆ ಮಾತ್ರ ಕಾಣೋ ಪ್ರೈವೇಟ್ ಚಾನೆಲ್ ಇದ್ದರೆ ಅದರ ಸೈಟೇ ಬೇರೆ, ಈ ಪಟ್ಟಿಯಲ್ಲಿ ಬರೋದಿಲ್ಲ.

ಶಿವಮೊಗ್ಗ_ಅಡ್ಮಿನ್:
ಕನ್ನಡ ಸರಿಯಾಗಿ ಬಂತು, ಥ್ಯಾಂಕ್ಸ್. ಕೆಲವಕ್ಕೆ ಓನರೇ ಇಲ್ಲ, ರಿಟೈರ್ ಆದವರು ಮಾಡಿಟ್ಟದ್ದು. ಯಾರನ್ನು ಕೇಳೋದು?

ಹೊಳೆಬಾಗಿಲು:
ಮೆಂಬರ್ ಪಟ್ಟಿಯಲ್ಲಿ ಆ ಶಾಖೆಯ ಮ್ಯಾನೇಜರ್ ಇದ್ದರೆ ಆಡ್-ಯೂನಿಫೈಡ್‌ಗ್ರೂಪ್‌ಲಿಂಕ್ಸ್ ಕಮಾಂಡ್‌ನಲ್ಲಿ ಅವರನ್ನೇ ಓನರ್ ಮಾಡಿ. ಮೊದಲು ಒಂದು ಫೋನ್ ಹಾಕಿ, ಮೇಲ್ ಹಾಕಿದರೆ ಯಾರೂ ನೋಡೋದಿಲ್ಲ.

ತುಂಗಾತೀರ:
ಎಂಟ್ರಾ ಪಿ1 (ಮೈಕ್ರೋಸಾಫ್ಟ್‌ನ ಲಾಗಿನ್ ವ್ಯವಸ್ಥೆಯದ್ದು) ಲೈಸೆನ್ಸ್ ಇದ್ದರೆ ರಿನ್ಯೂ ಆಗದ ಗ್ರೂಪನ್ನು ತಾನೇ ತೆಗೆಯೋ ಎಕ್ಸ್‌ಪೈರಿ ಪಾಲಿಸಿಯನ್ನೂ 365 ದಿನಕ್ಕೆ ಇಡಿ. ಬಳಕೆಯಲ್ಲಿ ಇರೋ ಗ್ರೂಪು ತಾನೇ ರಿನ್ಯೂ ಆಗುತ್ತದೆ. ‘ಟೆಸ್ಟ್’ ಒಂದನ್ನು ಮಾತ್ರ ಯಾರನ್ನೂ ಕೇಳದೆ ತೆಗೆಯಬಹುದು ಅನ್ಸುತ್ತೆ, ಆದರೂ ಒಳಗೆ ಇಣುಕಿ ನೋಡಿ.