ಲಾಕ್‌ಡೌನಲ್ಲಿ ಖಾಲಿ ಬೆಂಗಳೂರು ಕಣ್ಣಾರೆ ನೋಡಿದೋರು ಇದೀರಾ? ಅಪ್ಪ ಹೇಳಿದ್ದು ನಿಜಾನಾ?

ಹಾಲಿನಗಾಡಿ_ಮಗ:
ಎಲ್ರಿಗೂ ನಮಸ್ಕಾರ. 2020ರಲ್ಲಿ ನಾನು ಹಾಸನದಲ್ಲಿ ಅಜ್ಜಿ ಮನೇಲಿದ್ದೆ, ಹಬ್ಬಕ್ಕೆ ಅಂತ ಹೋದವನು ಅಲ್ಲೇ ಸಿಕ್ಕಾಕೊಂಡೆ, ಆ ವರ್ಷ ಯುಗಾದಿ ಬಂದಿದ್ದೇ ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾಗಿದ್ದೂ ಅವತ್ತೇ. ಅಪ್ಪ ಮಾತ್ರ ಬೆಂಗಳೂರಲ್ಲೇ ಉಳಿದ್ರು. ಹಾಲಿನ ವ್ಯಾನ್ ಡ್ರೈವರ್ ಅವರು, ರಜೆ ಅನ್ನೋ ಮಾತೇ ಇರ್ಲಿಲ್ಲ, ಹೋಟ್ಲು ಬೇಕರಿ ಎಲ್ಲ ಮುಚ್ಚಿ ಹಾಲು ಉಳಿದಾಗ ಸರ್ಕಾರ ತಗೊಂಡು ಸ್ಲಂಗಳಲ್ಲಿ ಫ್ರೀಯಾಗಿ ಹಂಚಿಸ್ತಲ್ಲ, ಆ ಲೋಡೂ ಹೊಡೆದಿದ್ದಾರೆ.

ಈಗ ರಿಟೈರ್ಡು. ಮೊನ್ನೆ ತಂಗಿಗೆ ಬುಕ್ ತರೋಕೆ ಅಂತ ಇಬ್ರೂ ಬೈಕಲ್ಲಿ ಅವೆನ್ಯೂ ರೋಡಿಗೆ ಹೋಗಿದ್ವಿ, ಜಾಮ್ ಆಗಿ ಅಲುಗಾಡೋಕೂ ಜಾಗ ಇರ್ಲಿಲ್ಲ, ಆಗ ಹಿಂದೆ ಕೂತು ಹೇಳಿದ್ರು, "ಇದೇ ರೋಡಲ್ಲಿ ಆ ಏಪ್ರಿಲಲ್ಲಿ ಮೈಸೂರ್ ಬ್ಯಾಂಕ್ ಸರ್ಕಲ್ ಹತ್ರ ಗಾಡಿ ನ್ಯೂಟ್ರಲ್‌ಗೆ ಹಾಕ್ದೆ ಕಣೋ, ತಾನಾಗೇ ಮಾರ್ಕೆಟ್ ಕಡೆ ಉರುಳ್ಕೊಂಡು ಹೋಯ್ತು, ಇಪ್ಪತ್ತೆಂಟು ವರ್ಷ ಗಾಡಿ ಓಡ್ಸಿದೀನಿ, ಈ ರೋಡು ಇಳಿಜಾರು ಅಂತ ನಂಗೆ ಅವತ್ತೇ ಗೊತ್ತಾಗಿದ್ದು" ಅಂತ. ನಂಗೆ ನಂಬೋಕೇ ಆಗ್ಲಿಲ್ಲ, ಅಲ್ಲಿ ರೋಡೇ ಕಾಣಲ್ಲ, ಬರೀ ಜನ ಗಾಡಿ ಮೂಟೆ. ಪೇಟೆ ಕಡೆಯವರು ಯಾರಾದ್ರೂ ಇದ್ರೆ ಹೇಳಿ, ಆಗ ಹೇಗಿತ್ತು? ಅಪ್ಪ ನೋಡಿದ ಊರು ನಾನು ನೋಡ್ಲಿಲ್ವಲ್ಲ ಅಂತ ಮನಸಲ್ಲಿ ಕೊರೀತಿದೆ.

ಪೇಟೆಯವನು:
ನಿಮ್ಮ ತಂದೆ ಹೇಳಿದ್ದು ನಿಜ ಕಣಪ್ಪ. ನಾನು ಹುಟ್ಟಿ ಬೆಳೆದಿದ್ದೆಲ್ಲ ಇದೇ ಗಲ್ಲೀಲಿ. ಗಾಡಿ ಎಷ್ಟು ದೂರ ಉರುಳಿತೋ ಅದು ಅವರಿಗೇ ಗೊತ್ತು, ಆದ್ರೆ ರೋಡು ಮಾರ್ಕೆಟ್ ಕಡೆ ಇಳಿಯೋದು ಸತ್ಯ. ಈಗ ಕೆ.ಆರ್. ಮಾರ್ಕೆಟ್ ಇರೋ ಜಾಗದಲ್ಲಿ ಮೊದ್ಲು ಸಿದ್ದಿಕಟ್ಟೆ ಅಂತ ಕೆರೆ ಇತ್ತು, ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಮೇಲೆ. ನೀರು ಎಲ್ಲಿ ನಿಲ್ತಿತ್ತೋ ಅಲ್ಲಿ ಈಗ ಜನ ಸೇರ್ತಾರೆ, ಅಷ್ಟೇ ವ್ಯತ್ಯಾಸ. ಆ ದಿನಗಳಲ್ಲಿ ಒಂದ್ಸಲ ಮಳೆ ಬಂತು, ತಾರಸಿ ಮೇಲೆ ನಿಂತು ನೋಡ್ದೆ, ಮೂಟೆ ಇಲ್ಲ ತಳ್ಳುಗಾಡಿ ಇಲ್ಲ, ನೀರು ಒಂದೇ ಸಮನೆ ದೊಡ್ಡಪೇಟೆ ಉದ್ದಕ್ಕೂ ಕೆಳಗೆ ಹರೀತಾ ಇತ್ತು (ಅವೆನ್ಯೂ ರೋಡಿನ ಹಳೇ ಹೆಸರು ದೊಡ್ಡಪೇಟೆ ಅಂತ ಈಗಿನ ಹುಡುಗ್ರಿಗೆ ಗೊತ್ತಿರಲ್ಲ), ಕೆರೆ ಇಲ್ದೇ ಇದ್ರೂ ದಾರಿ ಮರೆತಿರ್ಲಿಲ್ಲ.

ನನಗೆ ಮರೆಯೋಕಾಗದೇ ಇರೋದು ಏಪ್ರಿಲ್ 8ರ ರಾತ್ರಿ. ಚೈತ್ರ ಹುಣ್ಣಿಮೆ, ಕರಗದ ರಾತ್ರಿ. ಬೇರೆ ವರ್ಷ ಆಗಿದ್ರೆ ಧರ್ಮರಾಯನ ಗುಡಿಯಿಂದ ಕರಗ ಹೊರಟು, ಕತ್ತಿ ಹಿಡಿದ ವೀರಕುಮಾರರು ಗೋವಿಂದ ಗೋವಿಂದ ಅಂತ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಿನ ಜಾವದವರೆಗೂ ಪೇಟೇಲಿ ಯಾರೂ ಮಲಗಲ್ಲ, ಗಲ್ಲಿಗಲ್ಲಿ ಮಲ್ಲಿಗೆ ಘಮ. ಆ ವರ್ಷ ಮೆರವಣಿಗೆ ಬರ್ಲಿಲ್ಲ. ನಮ್ಮಮ್ಮ ಆದ್ರೂ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ತಟ್ಟೇಲಿ ಒಂದು ಮೊಳ ಮಲ್ಲಿಗೆ ಇಟ್ಕೊಂಡು ಮೂರು ಗಂಟೆವರೆಗೂ ಹೊಸ್ತಿಲಲ್ಲಿ ಕೂತಿದ್ರು. ಬೆಳದಿಂಗಳು ರಸ್ತೆ ಮೇಲೆ ಪೂರ್ತಿ ಬಿದ್ದಿತ್ತು, ತುಳಿಯೋರಿಲ್ಲ. ಅಮ್ಮನ್ನ ಒಳಗೆ ಕರೆಯೋಕೆ ನನಗೆ ಬಾಯೇ ಬರ್ಲಿಲ್ಲ.

ಟೆಕ್ಕಿ_ಬಿಟಿಎಂ:
ಸಿಲ್ಕ್ ಬೋರ್ಡ್ ಖಾಲಿ ಫೋಟೋ ಯಾರ ಹತ್ರಾನಾದ್ರೂ ಇದ್ರೆ ಹಾಕಿ ಪ್ಲೀಸ್. ನಾನು ಪಿಜೀಲಿ ಲಾಕ್ ಆಗಿದ್ದೆ, ಹಾಲಿಗೆ ಹೋಗಿದ್ದು ಬಿಟ್ರೆ ಏನೂ ನೋಡಿಲ್ಲ.

ನೈಟ್‌ಡ್ಯೂಟಿ_ಅಕ್ಕ:
ನಾನು ಸ್ಟಾಫ್ ನರ್ಸ್. ಚಾಮರಾಜಪೇಟೆ ಮನೆಯಿಂದ ಮಾರ್ಕೆಟ್ ಕಡೆ ಆಸ್ಪತ್ರೆಗೆ ನಡ್ಕೊಂಡೇ ಹೋಗ್ತಿದ್ದೆ, ಬಸ್ ಇಲ್ಲ ಆಟೋ ಇಲ್ಲ, ಐಡಿ ಕಾರ್ಡ್ ಕುತ್ತಿಗೇಲಿ, ಕೋಟೆ ವೆಂಕಟರಮಣ ಗುಡಿ ಮುಂದೆ ಪೊಲೀಸ್ರು ದಿನಾ ನೋಡಿ ನೋಡಿ ಆಮೇಲೆ "ಊಟ ಆಯ್ತಾ ಸಿಸ್ಟರ್" ಅಂತ ಕೇಳೋರು. ಖಾಲಿ ಊರು ನೋಡೋಕೆ ಅಂತ ನಾನು ಹೋದವಳಲ್ಲ, ಕಣ್ಣಿಗೆ ಬಿದ್ದಿದ್ದು ಹೇಳ್ತೀನಿ.

ಮಾರ್ಕೆಟ್ ನೆಲ ಯಾವತ್ತೂ ಒದ್ದೆ ಅಲ್ವಾ, ಬಾಡಿದ ಹೂವು, ಕೊಳೆತ ಸೊಪ್ಪು, ನೀರು, ಸೀರೆ ನೆರಿಗೆ ಎತ್ತಿ ಹಿಡ್ಕೊಂಡೇ ದಾಟ್ಬೇಕು. ವ್ಯಾಪಾರ ಎಲ್ಲ ಬೇರೆ ಕಡೆ ಮೈದಾನಗಳಿಗೆ ಹೋದ್ಮೇಲೆ ಆ ನೆಲ ಒಣಗಿತು. ಅದರ ಬಣ್ಣ ಬೂದಿ ಅಂತ ನಂಗೆ ಅಲ್ಲೀವರೆಗೂ ಗೊತ್ತಿರ್ಲಿಲ್ಲ. ಹೂವಿನವರು ಕೂರೋ ಮೆಟ್ಟಿಲ ಮೇಲೆ ಬಾಳೆನಾರಿನ ಒಂದು ಸುತ್ತು ಬಿದ್ದಿತ್ತು, ಅರ್ಧ ಕಟ್ಟಿದ ಕನಕಾಂಬರ ಅದಕ್ಕೇ ಅಂಟ್ಕೊಂಡು ಒಣಗಿ ಹೋಗಿತ್ತು, ಸುಮಾರು ದಿನ ಅದು ಅಲ್ಲೇ ಇತ್ತು, ನಾನು ದಿನಾ ಅದನ್ನ ನೋಡ್ಕೊಂಡೇ ಡ್ಯೂಟಿಗೆ ಹೋಗ್ತಿದ್ದೆ. ಕಟ್ತಾ ಕಟ್ತಾ ಎದ್ದು ಹೋದ ಆ ಹೆಂಗಸು ಎಲ್ಲಿದ್ದಾಳೋ, ಹೇಗಿದ್ದಾಳೋ ಅಂತ ಬೇಡ್ಕೊತಿದ್ದೆ.

ಲಿಂಗಸೂರಿನವ:
ಅಣ್ಣಾರ ಅಕ್ಕಾರ, ನಂದೂ ಒಂದು ಹೇಳ್ತೀನಿ. ಆಗ ನಾನು ಒಂಬತ್ತನೇತ್ತ. ಅಪ್ಪ ಅವ್ವ ಇಬ್ರೂ ಹೆಬ್ಬಾಳ ಕಡೆ ಬಿಲ್ಡಿಂಗ್ ಕೆಲಸಕ್ಕ ಬಂದಿದ್ರು, ಕೆಲಸ ನಿಂತು ಮೇಸ್ತ್ರಿ ಫೋನ್ ಎತ್ತೋದು ಬಿಟ್ಟಿದ್ದ. ಮೇ 2ಕ್ಕ ಬಸ್ ಬಿಡ್ತಾರಂತ ಸುದ್ದಿ ಬಂತು, ಮುಂಜಾನೆದ್ದು ಮೆಜೆಸ್ಟಿಕ್‌ಗೆ ನಡ್ಕೊಂತ ಹೊಂಟ್ವಿ. ಪೇಟೆ ಅಣ್ಣಾರು ಇಳಿಜಾರದ ಮಾತು ಹೇಳಿದ್ರಲ್ಲ, ನಮ್ಮವ್ವಗ ಅದು ಯಾರೂ ಹೇಳಬೇಕಿಲ್ಲ, ತಲಿಮ್ಯಾಲ ಗಂಟು ಹೊತ್ತಾಕಿಗೆ ಹೆಬ್ಬಾಳದಿಂದ ಮೇಖ್ರಿ ಸರ್ಕಲ್ ತನಕ ಏರೋ ಏರು.

ಮೇಖ್ರಿ ಅಂಡರ್‌ಪಾಸ್‌ದಾಗ ತಂಪಿತ್ತು. ಗಾಡಿ ಬರಂಗಿಲ್ಲಂತ ರೋಡಿನ ನಡುವನ ಕುಂತು ಕಟ್ಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದ್ವಿ. ತಂಗಿ ಒದರಿದ್ರ ಗ್ವಾಡಿಗೆ ಬಡದು ತಿರುಗಿ ಬರ್ತಿತ್ತು, ಅಕಿ ನಗಾಕ ಹತ್ತಿದ್ಲು, ಅಪ್ಪ ಬೈಲಿಲ್ಲ, ಎಷ್ಟೋ ದಿನದ ಮ್ಯಾಲ ಅಂವಾನೂ ನಕ್ಕ. ಮುಂದ ದಾರಿ ತುಂಬ ಕೆಂಪು ಗುಲ್‌ಮೊಹರ್ ಹೂವು, ಒಂದರ ಮ್ಯಾಲೂ ಟೈರಿನ ಗುರ್ತಿಲ್ಲ, ತಂಗಿ ಉಡಿ ತುಂಬ ಆರಿಸ್ಕೊಂಡ್ಲು. ನಮ್ಮ ಹಿಂದ ಮುಂದ ನಮ್ಮಂಗ ಗಂಟು ಹೊತ್ತ ಮಂದಿ. ಅದಕ್ಕ ನೀವೆಲ್ಲ ಖಾಲಿ ಅಂದಾಗ ನನಗ ಆ ಮಂದಿನ ನೆನಪಾಗ್ತಾರ.

ಹಾಲಿನಗಾಡಿ_ಮಗ:
ಎಲ್ಲಾನೂ ಅಪ್ಪಂಗೆ ಓದಿ ಹೇಳ್ದೆ. ಸುಮಾರು ಹೊತ್ತು ಸುಮ್ನಿದ್ರು. ಆಮೇಲೆ ಲಿಂಗಸೂರಿನ ತಮ್ಮಂಗೆ ಒಂದು ಮಾತು ಕೇಳು ಅಂದ್ರು, ಅವತ್ತು ಬಸ್ ಸಿಕ್ತಾ ಅಂತ.

ಲಿಂಗಸೂರಿನವ:
ಅವತ್ತು ಸಿಗಲಿಲ್ಲರಿ, ಚಾರ್ಜ್ ಭಾಳ ಅಂದ್ರು, ಬಸ್ ಸ್ಟ್ಯಾಂಡಿನ ಹೊರಗ ಮಲಗಿದ್ವಿ. ಮರುದಿನ 3ನೇ ತಾರೀಕಿಂದ ಫ್ರೀ ಬಿಟ್ರು, ಜಾಗ ಬಿಟ್ಟು ಜಾಗ ಕೂಡಿಸಿ ಕಳ್ಸಿದ್ರು. ಊರು ಮುಟ್ಟೂದ್ರಾಗ ತಂಗಿ ಉಡ್ಯಾಗಿನ ಹೂವು ಕಪ್ಪಾಗಿದ್ವು, ಆದ್ರೂ ಆಯಿಗೆ ತೋರ್ಸಿದ್ಲು. ನಿಮ್ಮಪ್ಪಗ ಶರಣು ಹೇಳ್ರಿ, ಹೆಬ್ಬಾಳದ ಶೆಡ್ಡಿಗೆ ಫ್ರೀ ಹಾಲು ಬರ್ತಿತ್ತು, ಯಾರು ತಂದು ಕೊಡ್ತಿದ್ರೋ ನಾವು ಕೇಳಿದ್ದಿಲ್ಲ.