ಮೆಕ್ಕೆಜೋಳದ ಲದ್ದಿಹುಳಕ್ಕೆ ಟ್ರೈಕೋ ಕಾರ್ಡ್: ಕಟ್ಟಿದವರು ಹೇಳಿ

ಕುಕನೂರಿನಿಂದ ಪ್ರಶ್ನೆ: ಮೂರು ಎಕರೆ ಮೆಕ್ಕೆಜೋಳ, ಮಳೆ ನಂಬಿದ ಹೊಲ. ಎಲೆ ಮೇಲೆ ಲದ್ದಿಹುಳದ ಮೊಟ್ಟೆ ಗುಂಪು ಕಾಣುತ್ತಿವೆ. ಎಣ್ಣೆ (ಕೀಟನಾಶಕ) ಹೊಡೆಯುವ ಬದಲು ಟ್ರೈಕೋ ಕಾರ್ಡ್ ಕಟ್ಟಿ, ಅಂದರೆ ಟ್ರೈಕೋಗ್ರಾಮಾ ಎಂಬ ಸಣ್ಣ ಕಣಜ ಹುಳು ಹೊರಬರುವ ರಟ್ಟು ಕಟ್ಟಿ, ಮೊಟ್ಟೆ ನಾಶ ಮಾಡುವ ಆ ಕಣಜ ಬಿಡಬೇಕು ಅಂತಿದ್ದೇನೆ. ಅನುಭವ ಇದ್ದವರು ತಿಳಿಸಿ.

ಯಲಬುರ್ಗಾ: 2018ರಲ್ಲಿ ಶಿವಮೊಗ್ಗ ಕಡೆ ಕಂಡ ಹುಳು ಇದು. ನಮ್ಮೂರಿಗೆ ಬಂದ ಮೇಲೆ ಇಮಾಮೆಕ್ಟಿನ್ ಎಣ್ಣೆಗೇ ದುಡ್ಡು ಸುರಿದೆವು. ಸುಳಿಯೊಳಗೆ ಹೋದ ಹುಳಕ್ಕೆ ಎಣ್ಣೆ ಸರಿಯಾಗಿ ತಾಗುವುದೇ ಇಲ್ಲ. ಈಗ ನಾನು ಕಾರ್ಡ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಎಕರೆಗೆ 50,000 ಕಣಜ, ವಾರಕ್ಕೊಮ್ಮೆ. ವಾಸನೆಯಿಂದ ಗಂಡು ಪತಂಗ ಸೆಳೆಯುವ ಮೋಹಕ ಬಲೆಗೆ ಲದ್ದಿಹುಳದ ಪತಂಗ ಬೀಳಲು ಶುರುವಾದ ಕೂಡಲೇ ಕಟ್ಟಬೇಕು. ಹುಳು ಕಂಡ ಮೇಲೆ ಕಟ್ಟಿದರೆ ಏನೂ ಉಪಯೋಗ ಇಲ್ಲ.

ಸಿಂಧನೂರು: ಹೇಳುವುದು ಸುಲಭ ರೀ. ನಾನು ಬಸ್ ಪಾರ್ಸಲ್‌ನಲ್ಲಿ ತರಿಸಿದೆ. ಕಾರ್ಡಿಗೆ 120 ರೂಪಾಯಿ, ಪಾರ್ಸಲ್‌ಗೆ 150, ಸ್ಟ್ಯಾಂಡಿಗೆ ಹೋಗಿಬರಲು ಪೆಟ್ರೋಲ್ ಬೇರೆ. ಕವರ್ ಬಿಚ್ಚಿದರೆ ಕಣಜ ಒಳಗೇ ಹೊರಬಂದು ಸತ್ತಿದ್ದವು. ಮತ್ತೆ ತರಿಸಿ, ಇಬ್ಬರು ಆಳಿಗೆ 400ರಂತೆ ಕೊಟ್ಟು ಕಟ್ಟಿಸಿದೆ. ಬೆಳಗಾಗುವಷ್ಟರಲ್ಲಿ ಇರುವೆ ಮುತ್ತಿದ್ದವು. ಕೊನೆಗೆ ಎಣ್ಣೆಯೇ ಹೊಡೆಸಿದೆ. ಎರಡು ಖರ್ಚು, ಒಂದು ಬೆಳೆ.

ಯಲಬುರ್ಗಾ: ಯಾವ ಜಾತಿ ತರಿಸಿದ್ರಿ? ಕಿಲೋನಿಸ್ ಕಾಂಡಕೊರಕಕ್ಕೆ. ಲದ್ದಿಹುಳಕ್ಕೆ ಪ್ರೆಟಿಯೋಸಮ್ ಬೇಕು. ಲದ್ದಿಹುಳದ ಮೊಟ್ಟೆ ಗುಂಪಿನ ಮೇಲೆ ರೋಮದ ಹೊದಿಕೆ ಇರುತ್ತೆ, ಒಂದರ ಮೇಲೊಂದು ಪದರ ಬೇರೆ. ಒಳಪದರ ಮುಟ್ಟಲು ಟೆಲಿನೋಮಸ್ ರೀಮಸ್ ಎಂಬ ಇನ್ನೊಂದು ಕಣಜ ಇನ್ನೂ ಗಟ್ಟಿ.

ಸಿಂಧನೂರು: ಚೀಟಿಯಲ್ಲಿ ಜಾತಿಯೇ ಬರೆದಿರಲಿಲ್ಲ. ಮಾರುವವರನ್ನು ಕೇಳಿ, ನನ್ನನ್ನಲ್ಲ!

ಕುಷ್ಟಗಿ: ನನ್ನ ಕಾರ್ಡ್ ಚೆನ್ನಾಗಿಯೇ ಇದ್ದವು. ಸಂಜೆ ಹೊತ್ತು ಎಲೆ ಅಡಿಗೆ ಪಿನ್ ಹೊಡೆದಿದ್ದೆ. ಮರುದಿನವೇ ಬದು ಆಚೆಯವರು ಎಣ್ಣೆ ಹೊಡೆದರು, ಗಾಳಿ ನಮ್ಮ ಕಡೆ. ಎರಡು ದಿನ ತಡೀರಿ ಅಂತ ಕೈಮುಗಿದು ಕೇಳಿದ್ದೆ. ಇವತ್ತಿಗೂ ಮಾತಿಲ್ಲ. ಆಮೇಲೆ ಹತ್ತು ಕೆಜಿ ತೌಡು, ಎರಡು ಕೆಜಿ ಬೆಲ್ಲ ಕಲಸಿ ಒಂದು ದಿನ ಇಟ್ಟು, ಹಾಕುವ ಮುಂಚೆ ನೂರು ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ ಸುಳಿಗೆ ಹಾಕಿಸಿದೆ. ಬೆಲ್ಲದ ರೇಟು ನಿಮಗೆ ಗೊತ್ತೇ ಇದೆ.

ಗಂಗಾವತಿ: ಭತ್ತಕ್ಕೆ ನಾವು ಜಪಾನಿಕಮ್ ಜಾತಿಯ ಕಣಜ ಬಿಡುತ್ತೇವೆ. ಯಾರಿಗೂ ಇಷ್ಟು ತಕರಾರಿಲ್ಲ. ನೀವು ಹೊಲ ಸರಿಯಾಗಿ ನೋಡಿಕೊಳ್ಳಲ್ಲ ಅಷ್ಟೇ.

ಕುಷ್ಟಗಿ: ಕಾಲುವೆ ನೀರು ಕಣ್ಣೆದುರು ಇದ್ದವರಿಗೆ ಬಿಸಿಲು ಏನು ಗೊತ್ತು? ನಮ್ಮ ಎರೆಹೊಲದಲ್ಲಿ ಮಳೆ ಹಿಂದೆ ಸರಿದರೆ ಆ ಸಣ್ಣ ಜೀವ ಬದುಕುವುದೇ ಕಷ್ಟ.

ಸಿಂಧನೂರು: ಕಾಲುವೆ ಇದ್ದರೆ ನೀರು ಬರುತ್ತೆ ಅಂದುಕೊಂಡ್ರಾ? ಮೇಲಿನವರು ಭತ್ತ ಹಚ್ಚಿ ಕುಡಿದು ಬಿಟ್ಟಿದ್ದನ್ನು ನಾವು ಕೊನೆ ಭಾಗದವರು ಕಾಯಬೇಕು. ಅದಕ್ಕೇ ನಾನು ಮೆಕ್ಕೆಜೋಳಕ್ಕೆ ಬಂದಿದ್ದು.

ಗಂಗಾವತಿ: ನೀರಿನ ಮಾತು ಇಲ್ಲಿ ಬೇಡ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋದಾಗ ನಾವೂ ನಿದ್ದೆ ಮಾಡಿಲ್ಲ.

ಯಲಬುರ್ಗಾ: ಕುಕನೂರಿನ ಅಣ್ಣಾರೆ, ತರಿಸುವ ಮುಂಚೆ ಜಾತಿ ಹೆಸರು ಮತ್ತು ಕಣಜ ಹೊರಬರುವ ದಿನಾಂಕ ಬರೆಸಿಕೊಳ್ಳಿ. ಬದುವಿನ ಆಚೆಯವರನ್ನೂ ಮೊದಲೇ ಕೇಳಿ.

ಕುಷ್ಟಗಿ: ಕೇಳಿದ್ದೆ ಅಂತ ಆಗಲೇ ಬರೆದೆನಲ್ಲ!