ಲಾಂಪಾಂಗ್‌ನಲ್ಲಿ ಅಮ್ಮನ ಜೊತೆ ಎರಡು ರಾತ್ರಿ ಉಳ್ಕೋಬಹುದಾ?

ಸಣ್ಣಹೆಜ್ಜೆ:
ನಮಸ್ಕಾರ ಎಲ್ರಿಗೂ. ಡಿಸೆಂಬರ್‌ನಲ್ಲಿ ನಾನೂ ಅಮ್ಮನೂ ಥಾಯ್ಲೆಂಡ್‌ಗೆ ಹೋಗ್ತಿದೀವಿ, ಚಿಯಾಂಗ್ ಮಾಯ್ ಕಡೆಗೆ ಅಂತ ಆರು ದಿನ ಇಟ್ಕೊಂಡಿದೀವಿ. ಅಮ್ಮಂಗೆ 64, ನಡೀತಾರೆ ಆದ್ರೆ ಮೆಟ್ಲು ಜಾಸ್ತಿ ಇದ್ರೆ ಮಂಡಿ ನೋವು ಶುರು, ಗದ್ದಲ ಅಂದ್ರೆ ಆಗಲ್ಲ, ಹಳೇ ದೇವಸ್ಥಾನ ಸಿಕ್ಕಿದ್ರೆ ಮಾತ್ರ ಅಲ್ಲೇ ಗಂಟೆಗಟ್ಲೆ ಕೂತ್ಬಿಡ್ತಾರೆ. ಅದಕ್ಕೇ ಲಾಂಪಾಂಗ್ ಅನ್ನೋ ಊರು ಮನಸ್ಸಿಗೆ ಬಂತು. ಟ್ಯಾಕ್ಸಿ ಮಾಡ್ಕೊಂಡು ಬೆಳಗ್ಗೆ ಹೋಗಿ ಸಂಜೆ ವಾಪಸ್ ಬಂದ್ರೆ ಸಾಕು ಅಂತ ಕೆಲವ್ರು ಹೇಳ್ತಾರೆ. ಉಳ್ಕೊಳ್ಳೋ ಅಷ್ಟು ಇದ್ಯಾ? ಇನ್ನೊಂದು, ನಾವು ಪೂರ್ತಿ ಸಸ್ಯಾಹಾರಿಗಳು, ಮೀನಿನ ಸಾಸ್ ಕೂಡ ಆಗಲ್ಲ.

ರೈಲುಪ್ರಿಯ:
ಟ್ಯಾಕ್ಸಿ ಬಿಡಿ ಮೇಡಂ, ರೈಲಲ್ಲಿ ಹೋಗಿ. ಚಿಯಾಂಗ್ ಮಾಯ್‌ನಿಂದ ಸುಮಾರು 100 ಕಿಮೀ, ಬಸ್ಸು ಬೇಗ ಹೋಗತ್ತೆ ನಿಜ, ರೈಲು ಎರಡು ಗಂಟೆ ಮೇಲೇ ತಗೊಳತ್ತೆ, ಆದ್ರೆ ದಾರಿ ಪೂರ್ತಿ ಕಾಡು ಬೆಟ್ಟ, ಮಧ್ಯ ಖುನ್ ತಾನ್ ಸುರಂಗ ಬರತ್ತೆ, 1.3 ಕಿಮೀಗಿಂತ ಉದ್ದ, ಒಳಗೆ ಹೋದ್ ತಕ್ಷಣ ಬೋಗಿ ಎಲ್ಲಾ ಕತ್ತಲಾಗಿ ತಣ್ಣಗಾಗ್ಬಿಡತ್ತೆ. ಲಾಂಪಾಂಗ್‌ಗೆ ರೈಲು ಬಂದಿದ್ದು 1916ರಲ್ಲಿ, ಚಿಯಾಂಗ್ ಮಾಯ್‌ಗಿಂತ ಮೊದ್ಲು. ಸ್ಟೇಷನ್ ಕಟ್ಟಡಾನೇ ನಿಂತು ನೋಡೋ ಥರ ಇದೆ.

ಹಾದಿಬುತ್ತಿ:
ಅಕ್ಕಾ ನಾನು ಮೊದಲ್ನೇ ಸಲ ನೀವು ಹೇಳಿದ್ ಥರಾನೇ ಒಂದ್ ದಿನಕ್ಕೆ ಹೋಗಿ ಬಂದಿದ್ದೆ, ಊರೇನೂ ಅರ್ಥ ಆಗ್ಲಿಲ್ಲ. ಎರಡನೇ ಸಲ ಉಳ್ಕೊಂಡೆ, ಆಗ ಗೊತ್ತಾಯ್ತು ಇದು ಬೆಳಗ್ಗೆ ಮತ್ತೆ ಸಂಜೆಯ ಊರು, ಟ್ಯಾಕ್ಸಿಯವ್ರು ಕರ್ಕೊಂಡ್ ಬರೋ ಮಧ್ಯಾಹ್ನದ ಹೊತ್ತಲ್ಲಿ ಊರು ಬಾಗ್ಲು ಹಾಕ್ಕೊಂಡಿರೋ ಥರ ಇರತ್ತೆ. ಎರಡು ರಾತ್ರಿ ಇರಿ, ಅದ್ರಲ್ಲಿ ಒಂದು ಶನಿವಾರ ಅಥವಾ ಭಾನುವಾರ ಆಗಿರ್ಲಿ. ಯಾಕಂದ್ರೆ ವಾಂಗ್ ನದಿ ಪಕ್ಕದ ಹಳೇ ಬೀದೀಲಿ ಕಾಡ್ ಕೋಂಗ್ ತಾ ಅಂತ ಸಂತೆ, ಆ ಎರಡು ಸಂಜೆ ಮಾತ್ರ. ಒಂದು ಕಾಲದಲ್ಲಿ ತೇಗದ ಮರದ ವ್ಯಾಪಾರಕ್ಕೆ ಬಂದ ಚೀನೀಯರು, ಬರ್ಮಾದವ್ರು, ಇಂಗ್ಲಿಷರು ಎಲ್ಲಾ ಇದ್ದ ಜಾಗ ಅದು, ಒಂದೊಂದ್ ಮನೇದೂ ಒಂದೊಂದ್ ಥರ ಕಟ್ಟಡ. ಬರ್ಮಾ ಶೈಲಿಯ ದೇವಾಲಯಗಳು ಊರಲ್ಲಿ ಇಷ್ಟೊಂದು ಇರೋಕೂ ಅದೇ ಕಾರಣ. ಕಡಿದ ಮರಗಳಲ್ಲಿದ್ದ ದೇವತೆಗಳು ಮುನಿಸ್ಕೋಬಾರ್ದು ಅಂತ ವ್ಯಾಪಾರಿಗಳು ಪುಣ್ಯಕ್ಕೆ ಕಟ್ಟಿಸಿದ್ದು ಅಂತಾರೆ, ಅದನ್ನ ಕೇಳಿದ್ಮೇಲೆ ಆ ತೇಗದ ಕಂಬ ಮುಟ್ಟೋಕೇ ಬೇರೆ ಥರ ಅನ್ಸತ್ತೆ. ಬಾನ್ ಸಾವ್ ನಾಕ್ ಅಂತ ಹಳೇ ಮನೆ ಒಂದಿದೆ, 116 ತೇಗದ ಕಂಬದ ಮೇಲೆ ನಿಂತಿದೆ, ಅದನ್ನೂ ತೋರ್ಸಿ ಅಮ್ಮಂಗೆ.

ಆದ್ರೆ ನೀವು ಅಷ್ಟು ದೂರ ಹೋಗೋದೇ ವಾಟ್ ಫ್ರಾ ಥಾಟ್ ಲಾಂಪಾಂಗ್ ಲುವಾಂಗ್‌ಗೋಸ್ಕರ ಅಂದ್ಕೊಳಿ, ವಾಟ್ ಅಂದ್ರೆ ಬೌದ್ಧ ದೇವಸ್ಥಾನ. ಊರಿಂದ 18 ಕಿಮೀ, ಕೋ ಖಾ ಅನ್ನೋ ಕಡೆ. ಮುಂದೆ ನಾಗರ ಮೆಟ್ಲು ಇದೆ, ಬೆಟ್ಟ ಹತ್ತೋ ಅಷ್ಟೆಲ್ಲ ಅಲ್ಲ, ನಿಧಾನಕ್ಕೆ ಹತ್ತಬಹುದು. ದೊಡ್ಡ ವಿಹಾರ, ಅಂದ್ರೆ ಪ್ರಾರ್ಥನೆ ಮಂಟಪ, 1476ರದ್ದು, ಪಕ್ಕಕ್ಕೆ ಗೋಡೆಗಳೇ ಇಲ್ಲ, ಗಾಳಿ ಆಡ್ತಿರತ್ತೆ, ನಿಮ್ಮಮ್ಮ ಅಲ್ಲಿಂದ ಏಳಲ್ಲ ನೋಡಿ. ಅಲ್ಲಿ ಒಂದು ಸಣ್ಣ ಕತ್ತಲೆ ಕೋಣೆಲಿ ಬಾಗ್ಲು ಹಾಕಿದ್ರೆ ಹೊರಗಿನ ಸ್ತೂಪದ ನೆರಳು ಬಣ್ಣ ಸಮೇತ ತಲೆಕೆಳಗಾಗಿ ಬಿಳೀ ಬಟ್ಟೆ ಮೇಲೆ ಬೀಳತ್ತೆ, ಸಣ್ಣ ಕಿಂಡಿಯಿಂದ ಬರೋ ಬೆಳಕಷ್ಟೇ, ಬೇರೆ ಏನೂ ಇಲ್ಲ. ಬಿಸಿಲಿರೋ ಹೊತ್ತಲ್ಲೇ ಹೋಗ್ಬೇಕು.

ಊರೂರುಸುತ್ತೋಳು:
ಆ ಕೋಣೆಗೆ ಹೆಂಗಸರನ್ನ ಬಿಡಲ್ಲ, ಅದನ್ನ ಮೊದ್ಲೇ ಹೇಳ್ಬೇಕಿತ್ತು ನೀವು. ಹೊರಗೆ ಬೋರ್ಡ್ ನೋಡಿ ನಂಗೆ ಬೇಜಾರಾಗಿ ಹೊರಟೇಬಿಟ್ಟಿದ್ದೆ, ಅಲ್ಲಿದ್ದ ಒಬ್ರು ಅಜ್ಜ ಕೈಸನ್ನೆ ಮಾಡಿ ಪಕ್ಕದ ವಿಹಾರ ಫ್ರಾ ಫುಟ್ ಒಳಗೆ ಕರ್ಕೊಂಡ್ ಹೋದ್ರು. ಅಲ್ಲೂ ಅದೇ ನೆರಳು ಕಾಣತ್ತೆ, ಅಲ್ಲಿಗೆ ಎಲ್ಲರೂ ಹೋಗಬಹುದು. ಹಾಗಾಗಿ ಅಮ್ಮಂಗೆ ನೇರವಾಗಿ ಅದನ್ನೇ ತೋರ್ಸಿ.

ಹೋಗೋಕೆ ಸಾಂಗ್‌ಥೇವ್ ಅಂತ ಶೇರ್ ಪಿಕಪ್ ಗಾಡಿ ಸಿಗತ್ತೆ, ಬರೋಕೆ ಕಾಯ್ಬೇಕಾಗತ್ತೆ, ಅಮ್ಮ ಜೊತೆಗಿದ್ದಾರಲ್ಲ, ಹೋಟೆಲ್‌ನವ್ರಿಗೆ ಹೇಳಿ ಅರ್ಧ ದಿನಕ್ಕೆ ಗಾಡಿ ಗೊತ್ತು ಮಾಡ್ಕೊಳಿ. ಬೆಟ್ಟದ ತುದೀಲಿ ಬಿಳೀ ಸ್ತೂಪಗಳಿರೋ ವಾಟ್ ಚಲೇಮ್ ಫ್ರಾ ಕಿಯಾಟ್ ಫೋಟೋ ನೋಡಿ ಆಸೆ ಪಡ್ಬೇಡಿ, ಜೀಪ್ ಇಳಿದ್ಮೇಲೂ ಕಡಿದಾಗಿ ಹತ್ತೋದಿದೆ, ಮಂಡಿ ನೋವಿರೋರಿಗೆ ಬೇಡ.

ಊಟದ ವಿಷ್ಯ: "ಜೇ" ಅನ್ನೋ ಪದ ನೆನಪಿಟ್ಕೊಳಿ. ಹಳದಿ ಬೋರ್ಡಲ್ಲಿ ಕೆಂಪು ಅಕ್ಷರ ಇರೋ ಅಂಗಡಿ, ಅಲ್ಲಿ ಮಾಂಸ, ಮೀನಿನ ಸಾಸ್, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಇರಲ್ಲ. ಬೇರೆ ಕಡೆ "ಮಾಯ್ ಸಾಯ್ ನಾಮ್ ಪ್ಲಾ" ಅಂದ್ರೆ ಮೀನಿನ ಸಾಸ್ ಹಾಕ್ಬೇಡಿ ಅಂತ, ಆದ್ರೆ ಸಾರಿಗೆ ಮೂಳೆ ಬೇಯ್ಸಿದ ನೀರು ಹಾಕಿರ್ತಾರೆ, ಅದಕ್ಕೇ ನಾನು ಜೇ ಅಂಗಡಿ ಬಿಟ್ಟು ಬೇರೆ ಕಡೆ ಸಾರು ಮುಟ್ಟಿಲ್ಲ. ಖಾವ್ ತೇನ್ ಅಂತ ಅಂಟು ಅಕ್ಕಿದು, ಕಲ್ಲಂಗಡಿ ರಸ ಸೇರ್ಸಿ ಒಣಗ್ಸಿ ಕರೀತಾರೆ, ಮೇಲೆ ಬೆಲ್ಲದ ಪಾಕ. ಲಾಂಪಾಂಗ್‌ದೇ ತಿಂಡಿ ಅದು.

ಸಣ್ಣಹೆಜ್ಜೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕುದುರೆ ಗಾಡಿ ಬಗ್ಗೆ ಯಾರೂ ಹೇಳ್ಲಿಲ್ವಲ್ಲ, ಹತ್ತಬಹುದಾ?

ಹಾದಿಬುತ್ತಿ:
ಥಾಯ್ಲೆಂಡ್‌ನಲ್ಲಿ ಕುದುರೆ ಗಾಡಿ ಇನ್ನೂ ದಿನಾ ಓಡೋ ಊರು ಅಂದ್ರೆ ಅದೇ ಅಕ್ಕಾ. ಉರಿಬಿಸಿಲಲ್ಲಿ ಬೇಡ, ಸಂಜೆ ಹತ್ತಿ, ಕುದುರೆ ಗೆಲುವಾಗಿದ್ಯಾ ನೋಡಿ ಆಮೇಲೆ ರೇಟ್ ಮಾತಾಡಿ. ಮತ್ತೆ ವಾಟ್ ಫ್ರಾ ಕೇವ್ ಡಾನ್ ತಾವ್‌ಗೆ ಹೋಗೋ ಮುಂಚೆ ಅಮ್ಮಂಗೆ ಈ ಕಥೆ ಹೇಳಿ: ಈಗ ಬ್ಯಾಂಕಾಕ್‌ನಲ್ಲಿರೋ ಪಚ್ಚೆ ಬುದ್ಧ ಇದ್ಯಲ್ಲ, ಅದನ್ನ ಚಿಯಾಂಗ್ ಮಾಯ್‌ಗೆ ಹೊತ್ಕೊಂಡ್ ಹೋಗ್ತಿದ್ದ ಆನೆ ಮೂರು ಸಲಾನೂ ಲಾಂಪಾಂಗ್ ದಾರೀನೇ ಹಿಡೀತಂತೆ, ಕೊನೇಗೆ ರಾಜ ಅಲ್ಲೇ ಇರ್ಲಿ ಅಂದ್ನಂತೆ. 1436ರಿಂದ 1468ರವರೆಗೆ, 32 ವರ್ಷ ಆ ದೇವಸ್ಥಾನದಲ್ಲೇ ಇತ್ತು.

ಸಣ್ಣಹೆಜ್ಜೆ:
ಅಮ್ಮಂಗೆ ಈಗ್ಲೇ ಓದಿ ಹೇಳ್ದೆ. ಆನೆಗೆ ಗೊತ್ತಾಗಿದೆ, ಎರಡು ರಾತ್ರಿ ಸಾಲಲ್ಲ, ಮೂರು ಮಾಡು ಅಂತಿದಾರೆ. ಶುಕ್ರವಾರದ ರೈಲು ನೋಡ್ತಿದೀನಿ.